ಆಯಿ ಸಂಗಟ ಹೋದ ಕೂರಿಗೆ

ಬೆಂಕಿಗೆ ಇನ್ನೆರಡು ತೊಗರಿಕಟ್ಟಿಗೆ ಹಾಕಿ, ಹತ್ತಿರ ಸರಿದು ಕೂತುಕೊಳ್ಳಿ. ಗೆಳೆಯರಿಗೆ, ಬೀಗರಿಗೆ, ನೆರೆಯವರಿಗೆ ಹತ್ಯಾರ ಕಡ ಕೊಡಬೇಕೋ ಬೇಡವೋ ಎಂಬ ಮಾತು ಬಂದಿದೆಯಲ್ಲ, ನಾನು ಕಣ್ಣಾರೆ ಕಂಡ ಒಂದು ಬಿತ್ತಿಗೆಯ ಕಥೆ ಹೇಳುತ್ತೇನೆ. 1973ರ ಮಿರಗದ್ದು, ಎಂದರೆ ಮೃಗಶಿರಾ ಮಳೆಯ ಹೊತ್ತಿನದು. ಆಗ ನಾನು ಹೊಲಕ್ಕೆ ಬುತ್ತಿ ಒಯ್ಯುವ ವಯಸ್ಸಿನ ಹುಡುಗ.

ನಮ್ಮೂರು ನಾರಾಯಣಖೇಡದಿಂದ ಜಹೀರಾಬಾದ್ ಕಡೆ ಬರುವಾಗ ಒಳಗೆ ಸರಿದು ಕೂತ ಸಣ್ಣ ಹಳ್ಳಿ. 1956ರ ತನಕ ಈ ಎರಡೂ ಬೀದರ್ ಜಿಲ್ಲೆಯ ತಾಲೂಕುಗಳು; ತಾಂಡೂರು ಗುಲಬರ್ಗಾ ಜಿಲ್ಲೆಯದು. ರಾಜ್ಯಗಳ ಮರುವಿಂಗಡಣೆಯಾದಾಗ ಮೂರೂ ಆಂಧ್ರಕ್ಕೆ ಹೋದವು, ಈಗ ತೆಲಂಗಾಣದಲ್ಲಿವೆ. ನಮ್ಮ ಓಣಿಯವರು ಮನೆಯಲ್ಲಿ ಕನ್ನಡ, ಸಂತೆಯಲ್ಲಿ ತೆಲುಗು ಆಡುತ್ತಲೇ ಬದುಕಿದೆವು. ಬೀಗತನ ಔರಾದ, ಚಿಂಚೋಳಿ, ಸೇಡಂ ಕಡೆಗೂ ಇತ್ತು, ಈ ಕಡೆಗೂ ಇತ್ತು.

ಊರಿನ ಭೂಮಿ ಎರಡು ಬಗೆ. ಹಳ್ಳದ ದಂಡೆಗೆ ಕಪ್ಪು ಎರೆ. ಗುಡ್ಡದ ಇಳಿಜಾರಿಗೆ ಕೆಂಪು ಮರಡಿ, ಗುದ್ದಲಿ ಹಾಕಿದರೆ ಹರಳು ಸಿಡಿಯುವ ನೆಲ. ಎರೆ ಹೊಲ ನಮ್ಮಂಥ ನಾಲ್ಕಾರು ಮನೆಗಳದು. ಮರಡಿಯಲ್ಲಿ ಎಕರೆ, ಎರಡೆಕರೆ ತುಂಡು ಇಟ್ಟುಕೊಂಡವರು ಬಡವರು. ಅದರಲ್ಲೂ ತೀರ ಮೇಲಿನ ತುಂಡುಗಳು ಊರ ಹೊರಗಿನ ದಲಿತರ ಕೇರಿಯವು. ಈ ಮಣ್ಣಿನ ಭೇದ ನೆನಪಿಟ್ಟುಕೊಳ್ಳಿ, ಕಥೆಯೆಲ್ಲ ಅದರ ಮೇಲೇ ನಿಂತಿದೆ.

1972ರ ಬರ ಹಿರಿಯರಿಗೆಲ್ಲ ಗೊತ್ತು. ಮರಾಠವಾಡದಿಂದ ನಮ್ಮ ಸೀಮೆಯ ತನಕ ಮಳೆ ಕೈಕೊಟ್ಟಿತು. ಜನ ಬರಗಾಲದ ಕಾಮಗಾರಿಗೆ ಕಲ್ಲು ಒಡೆಯಲು ಹೋದರು. ಸರಕಾರ ಹಂಚಿದ ಕೆಂಪು ಮೈಲೋ ಜೋಳದ ರೊಟ್ಟಿ ತಿಂದರು. ಮೇವಿಲ್ಲದೆ ಎತ್ತುಗಳನ್ನು ಸಂತೆಗೆ ಹೊಡೆದರು, ಬಂದ ಬೆಲೆಗೆ ಬಿಟ್ಟು ಬಂದರು. ಎತ್ತು ಹೋದ ಮನೆಯಲ್ಲಿ ಕೂರಿಗೆ ಯಾತಕ್ಕೆ? ಕೆಲವರು ಕುಳ ಕಿತ್ತು ಕಬ್ಬಿಣ ಮಾರಿದರು. ಕೆಲವರ ಕೂರಿಗೆಗೆ ಗೋಡೆಗೆ ಒರಗಿದ್ದಲ್ಲೇ ಗೆದ್ದಲು ಹಿಡಿಯಿತು. ಊರ ಬಡಿಗ ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಹೈದರಾಬಾದಿಗೆ ದುಡಿಯಲು ಹೋಗಿದ್ದ. ಹೀಗಾಗಿ ಮುಂದಿನ ವರ್ಷ ಮಿರಗ ಕೂಡುವ ಹೊತ್ತಿಗೆ ನಮ್ಮ ಓಣಿ, ಕೇರಿ ಎರಡೂ ಸೇರಿ ಬಿತ್ತಲು ಬರುವಂಥ ಕೂರಿಗೆ ಒಂದೇ ಉಳಿದಿತ್ತು. ಅದು ನಮ್ಮ ಮನೆಯದು. ಮೂರು ತಾಳಿನದು, ಜಾಲಿ ಮರದ ದಿಂಡು, ಹಿಡಿದು ಹಿಡಿದು ನುಣುಪಾದ ಮೇಳಿ. ಅದನ್ನು ಎಳೆಯುವ ಜೋಡೆತ್ತೂ ನಮ್ಮವೇ. ನನ್ನ ಅಜ್ಜ, ಮುತ್ಯಾ, ಅಜ್ಜಿಯಾದ ಆಯಿಯ ಬೆಳ್ಳಿ ಡಾಬು ಒತ್ತೆಯಿಟ್ಟು ಆ ಎತ್ತು ಉಳಿಸಿಕೊಂಡಿದ್ದ.

ಮಿರಗ ಕೂಡಿ ಎರಡೋ ಮೂರೋ ದಿನಕ್ಕೆ ರಾತ್ರಿ ಮಳೆ ಬಂತು. ಬೆಳಗಾಗುವ ಮೊದಲೇ ಅಂಗಳದಲ್ಲಿ ಜನ. ಯಾರೂ ಜೋರಾಗಿ ಕೇಳಲಿಲ್ಲ. ಒಬ್ಬ ಎತ್ತಿನ ಮೈ ಸವರಿದ, ಇನ್ನೊಬ್ಬ ಕೂರಿಗೆಯ ತಾಳು ಮುಟ್ಟಿ ನೋಡಿದ. ಬಂದದ್ದು ಯಾಕೆಂದು ಎಲ್ಲರಿಗೂ ಗೊತ್ತಿತ್ತು.

ಮುತ್ಯಾ ಕೊಡಲು ಒಲ್ಲೆ ಎಂದ. ಅವನ ಮಾತಿಗೆ ಕಾರಣವಿತ್ತು. ನಾಲ್ಕೈದು ವರ್ಷದ ಹಿಂದೆ ಬೀಗರೊಬ್ಬರು ಇದೇ ಕೂರಿಗೆ ಒಯ್ದಿದ್ದರು. ಕೆಲಸ ಮುಗಿಸಿ, ನಾವೆಲ್ಲ ಮಲಗಿದ ಮೇಲೆ ತಂದು ಗೋಡೆಗೆ ಆನಿಸಿ ಹೋಗಿದ್ದರು. ತಾಳು ಬಿರುಕು ಬಿಟ್ಟಿತ್ತು. ಬಿರುಕಿಗೆ ಮಣ್ಣು ಮೆತ್ತಿದ್ದರು. ನಮಗದು ಗೊತ್ತಾದದ್ದು ನಮ್ಮ ಬಿತ್ತಿಗೆಯ ದಿನ, ಅರ್ಧ ಹೊಲದಲ್ಲಿ ತಾಳು ಮುರಿದು ಬಿದ್ದಾಗ. ಅವತ್ತು ಬಡಿಗನ ಮನೆ ಮುಂದೆ ಊರೇ ಪಾಳಿ ಹಚ್ಚಿತ್ತು. ನಮ್ಮ ಪಾಳಿ ಬರುವುದರೊಳಗೆ ಹದ ಆರಿತು. ಅಲ್ಲಿಂದ ಎರಡು ಮನೆಗಳ ನಡುವೆ ಮದುವೆ ಮುಂಜಿಗೂ ಹೋಗಿಬರುವುದು ನಿಂತಿತ್ತು. ಹೊಸ ತಾಳು ಕೆತ್ತಿದರೆ ತೀರುವ ನಷ್ಟ ಅದು. ಮಣ್ಣು ಮೆತ್ತಿದ ಕೈಯನ್ನು ಮಾತ್ರ ಮುತ್ಯಾನಿಗೆ ಮರೆಯಲಾಗಲಿಲ್ಲ.

"ಹತ್ಯಾರ ಮನಿ ಬಿಟ್ಟು ಹೋತು ಅಂದ್ರ ಅದು ನಮ್ಮದಲ್ಲ," ಎಂದ ಮುತ್ಯಾ.

ಅವನ ತಮ್ಮ, ನಮ್ಮ ಸಣ್ಣ ಮುತ್ಯಾ, ಸ್ವಲ್ಪ ಮೆತ್ತಗಾಗಿ ಮಾತಾಡಿದ. "ಮೊದಲ ನಮ್ಮ ಹೊಲ ಆಗ್ಲಿ. ಆಮ್ಯಾಲ ಯಾರಿಗೆ ಬೇಕೋ ಅವರಿಗೆ ಒಯ್ಯಲಿ."

ಕೇಳಿದರೆ ನ್ಯಾಯದ ಮಾತು. ಒಡೆಯ ಮೊದಲು, ಊರು ಆಮೇಲೆ. ಜನರೂ ತಲೆಯಾಡಿಸಿದರು. ಆಗ ಒಳಗಿಂದ ಆಯಿ ಬಂದಳು. ಆಯಿ ಗಂಡಸರ ಮಾತಿನ ನಡುವೆ ಬಾಯಿ ಹಾಕುವವಳಲ್ಲ. ಆದರೆ ಬಿತ್ತಿಗೆಯ ಮಾತಿನಲ್ಲಿ ಅವಳನ್ನು ಬಿಟ್ಟು ಯಾರೂ ಮಾತಾಡುವಂತಿರಲಿಲ್ಲ. ಕೂರಿಗೆಯ ಬಟ್ಟಲಿಗೆ ಕಾಳು ಬಿಡುವ ಕೈ ಅವಳದು.

ಇದನ್ನು ಈಗಿನ ಹುಡುಗರಿಗೆ ಬಿಡಿಸಿ ಹೇಳಬೇಕು. ಕೂರಿಗೆ ಹೊಡೆಯುವವನು ಎತ್ತು ನೇರ ಹೋಗುವಂತೆ ನೋಡಿಕೊಳ್ಳುತ್ತಾನೆ. ಬೆಳೆ ಏಳುವುದು, ಬೀಳುವುದು ಹಿಂದೆ ನಡೆಯುವ ಹೆಂಗಸಿನ ಮುಷ್ಟಿಯಲ್ಲಿ. ಉಡಿಯಲ್ಲಿ ಬೀಜ ಕಟ್ಟಿಕೊಂಡು ಬಟ್ಟಲಿನ ಮೇಲೆ ಮುಷ್ಟಿ ಸಡಿಲಿಸುತ್ತ ಹೋಗಬೇಕು. ಬಟ್ಟಲಿನ ತೂತುಗಳಿಂದ ಬಿದಿರಿನ ಕೊಳವೆಗಳಿಗೆ, ಕೊಳವೆಯಿಂದ ತಾಳಿನ ಬುಡಕ್ಕೆ, ಅಲ್ಲಿಂದ ಹಸಿ ಮಣ್ಣಿಗೆ ಕಾಳು ಇಳಿಯಬೇಕು. ಮುಷ್ಟಿ ಬಿಗಿಯಾದರೆ ಸಾಲಿನಲ್ಲಿ ಖಾಲಿ ಜಾಗ. ಸಡಿಲಾದರೆ ಸಸಿ ಒತ್ತೊತ್ತಾಗಿ ಎದ್ದು ಒಂದನ್ನೊಂದು ತಿನ್ನುತ್ತವೆ. ನಡುವೆ ಅಕ್ಕಡಿ ಸಾಲಿಗೆ ತೊಗರಿ ಬಿಡಬೇಕಾದರೆ ಲೆಕ್ಕ ಇನ್ನೂ ಬೇರೆ. ತಪ್ಪಿದ್ದು ಎಂಟು ದಿನಕ್ಕೆ ಮೇಲೆ ಕಾಣುತ್ತದೆ. ಆಮೇಲೆ ಹಂಗಾಮಿಡೀ ಹೊಲಕ್ಕೆ ಹೋದಾಗಲೆಲ್ಲ ಕಾಣುತ್ತಲೇ ಇರುತ್ತದೆ.

ಆಯಿ ಹೇಳಿದ್ದು ಇಷ್ಟು: "ಎರಿ ಹೊಲ ಒಂದ್ ವಾರ ಹಸಿ ಹಿಡಕೊಂಡು ಕಾಯ್ತದ. ಮರಡಿ ಮೂರ್ ದಿನ ಸೈತ ಕಾಯಲ್ಲ. ಮೊದಲ ಆರೋ ಹೊಲಕ್ಕ ಮೊದಲ ಕೂರಿಗಿ. ಕೂರಿಗಿ ಒಂದೇ ಕಳಿಸಿದ್ರ ಮುರೀತದ. ನಾ ಸಂಗಟ ಹೋಗ್ತೀನಿ."

ಅಂಗಳದಲ್ಲಿ ಯಾರೂ ಉಸಿರೆತ್ತಲಿಲ್ಲ. ಮೊದಲು ಆರುವ ಹೊಲ ಯಾರದೆಂದು ಎಲ್ಲರಿಗೂ ಗೊತ್ತಿತ್ತು. ಗುಡ್ಡದ ತುದಿಯವು, ಕೇರಿಯವರವು. ಆಯಿಯ ಲೆಕ್ಕದಂತೆ ಹೋದರೆ ಕೂರಿಗೆ ಮೊದಲು ಅಲ್ಲಿಗೆ ಹೋಗಬೇಕು. ಒಬ್ಬಿಬ್ಬರು ಅದು ಹೇಗಾಗುತ್ತದೆ ಎಂದು ಎದ್ದೇ ಬಿಟ್ಟರು. ಆಯಿ ವಾದ ಮಾಡಲಿಲ್ಲ. ಸೆರಗು ಬಿಗಿದು ಕಟ್ಟಿ ಕಾಕಾನ ಕಡೆ ನೋಡಿದಳು. ಎತ್ತು ಹೂಡುವವನು ಕಾಕಾ. ಅವನು ತಾಯಿಯ ಮುಖ ನೋಡಿದ, ತಂದೆಯ ಮುಖ ನೋಡಿದ, ನೊಗ ಎತ್ತಿದ.

ಹೊರಡುವ ಮೊದಲು ಹಣಮಂದೇವರ ಗುಡಿಯ ಮುಂದೆ ಆಯಿ ಕರಾರು ಹೇಳಿದಳು. ಕಟ್ಟೆ ಹತ್ತಲಿಲ್ಲ, ಕೆಳಗೆ ನಿಂತೇ ಹೇಳಿದಳು. ಕೂರಿಗೆ, ಎತ್ತು, ಕಾಕಾ, ತಾನು ನಾಲ್ಕೂ ಕೂಡಿಯೇ ಹೋಗುವುದು, ಬಿಡಿಯಾಗಿ ಒಂದನ್ನೂ ಕೇಳಬಾರದು. ಎತ್ತಿಗೆ ಆ ದಿನದ ಮೇವು ನೀರು ಬಿತ್ತಿಸಿಕೊಳ್ಳುವ ಮನೆಯದು, ನಡುಹಗಲು ಬಿಚ್ಚಲೇಬೇಕು. ಎಷ್ಟೇ ಹೊತ್ತಾದರೂ ರಾತ್ರಿ ಕೂರಿಗೆ ನಮ್ಮ ಅಂಗಳಕ್ಕೆ ಬಂದು ಮಲಗಬೇಕು. ತಾಳು, ಕುಳ, ಕೊಳವೆ ತೊಳೆದು ಎಣಿಸಿ ಒಪ್ಪಿಸಬೇಕು. ಏನೇ ಮುರಿದರೂ ಅವತ್ತೇ ರಾತ್ರಿ ಬಾಯಿಬಿಟ್ಟು ಹೇಳಬೇಕು. ಹೇಳಿದವನಿಗೆ ಬೈಗುಳವಿಲ್ಲ, ದಂಡವಿಲ್ಲ. ಪಾಳಿ ಮಣ್ಣು ನೋಡಿ, ಮನೆ ನೋಡಿ ಅಲ್ಲ.

ಬುತ್ತಿಯ ಗಂಟು ಹೊತ್ತು ನಾನೂ ಹಿಂದೆ ಹೋದೆ. ಗುಡ್ಡದ ಮೇಲಿನ ಆ ಮೊದಲ ಹೊಲ ಒಂದೂವರೆ ಎಕರೆ ಇದ್ದೀತು. ಹೊಲದ ಒಡತಿ ನಮ್ಮ ಕಣದಲ್ಲೇ ಕೂಲಿ ಮಾಡುತ್ತಿದ್ದವಳು. ಬಟ್ಟಲು ಹಿಡಿಯಲು ಆಯಿ ಮುಂದಾದಾಗ ಅವಳು ತನ್ನ ಬೀಜದ ಗಂಟು ಬಿಚ್ಚಿದಳು. ಜೋಳ, ತೊಗರಿ, ಸಜ್ಜೆ, ಹೆಸರು, ಎಳ್ಳು, ಪುಂಡಿ ಎಲ್ಲವೂ ಇದ್ದವು. ಯಾವುದರ ಜೊತೆ ಯಾವುದು, ಎಷ್ಟಕ್ಕೆ ಎಷ್ಟು ಎಂಬುದು ಅವಳ ಬಾಯಿಪಾಠ. ಆಯಿ ಗಂಟು ನೋಡುತ್ತ ನಿಂತಳು. ನಮ್ಮ ಮನೆಯಲ್ಲಿ ಎತ್ತು ಉಳಿದಿದ್ದವು, ಹತ್ಯಾರ ಉಳಿದಿತ್ತು. ಬೀಜದ ಜೋಳವನ್ನು ಮಾತ್ರ ಆ ಬೇಸಿಗೆಯಲ್ಲಿ ಬೀಸಿ ತಿಂದಿದ್ದೆವು. ಆಕೆ ಮಕ್ಕಳಿಗೆ ಅಂಬಲಿ ಕುಡಿಸಿ, ಬೂದಿ ಬೇವಿನೆಲೆ ಹಾಕಿ ಮುಚ್ಚಿದ ಬೀಜದ ಗಡಿಗೆಯನ್ನು ಮುಟ್ಟದೆ ಇಟ್ಟಿದ್ದಳು.

ಎರಡು ಸಾಲು ಬಿಟ್ಟು ತೋರಿಸಿ ಆಯಿ ಬಟ್ಟಲನ್ನು ಅವಳ ಕೈಗೇ ಕೊಟ್ಟಳು. "ನಿನ್ನ ಹೊಲ, ನಿನ್ನ ಬೀಜ, ನೀನೇ ಬಿಡು," ಎಂದಳು. ತಾನು ಪಕ್ಕದಲ್ಲಿ ನಡೆದಳು. ಕೊಳವೆಯಲ್ಲಿ ಮಣ್ಣು ಕಟ್ಟಿದಾಗ ನಿಲ್ಲಿಸಿ ತೆಗೆದಳು, ತಾಳು ಕಲ್ಲಿಗೆ ತಾಗುವ ಸದ್ದಾದರೆ ಕಾಕಾನಿಗೆ ಕೂಗಿದಳು. ಆ ದಿನ ಆಯಿ ಅವರ ಮನೆಯ ನೀರು ಕುಡಿದಳೆಂದು ನಾನು ಹೇಳಲಾರೆ. ನಾನು ಒಯ್ದ ತಂಬಿಗೆಯ ನೀರನ್ನೇ ಕುಡಿದಳು. ಆ ಕಾಲದ ಕಟ್ಟು ಅವಳನ್ನೂ ಬಿಟ್ಟಿರಲಿಲ್ಲ. ಆದರೂ ನಮ್ಮ ಊರಲ್ಲಿ ಎರೆ ಹೊಲಕ್ಕಿಂತ ಮೊದಲು ಕೇರಿಯ ಹೊಲಕ್ಕೆ ಕೂರಿಗೆ ಬಿದ್ದದ್ದನ್ನು ನಾನು ನೋಡಿದ್ದು ಅವತ್ತೇ ಮೊದಲು.

ಎರಡನೆಯ ದಿನ ಮತ್ತೊಂದು ಹೊಲದಲ್ಲಿ ತಾಳು ಬಂಡೆಗೆ ಸಿಕ್ಕಿ ಬಿರಿಯಿತು. ಹೊಲದವನ ಮುಖ ಕಪ್ಪಾಯಿತು. ರಾತ್ರಿ ಕೂರಿಗೆಯ ಜೊತೆ ಅವನೂ ಬಂದು, ಮುತ್ಯಾ ಕೂತಲ್ಲಿಗೇ ಹೋಗಿ, ಇಂಥಲ್ಲಿ ಹೀಗಾಯಿತು ಎಂದು ಹೇಳಿದ. ಹೆಗಲ ಮೇಲೊಂದು ಜಾಲಿ ತುಂಡು ಹೊತ್ತು ತಂದಿದ್ದ. ಬಡಿಗ ಇಲ್ಲವಲ್ಲ, ಕಾಕಾ ಕಂದೀಲಿನ ಬೆಳಕಿನಲ್ಲಿ ಬಾಚಿ ಹಿಡಿದು ಕೆತ್ತಿದ, ಅವನು ತುಂಡು ಒತ್ತಿ ಹಿಡಿದ. ಬೆಳಗಿನ ಜಾವಕ್ಕೆ ತಾಳು ಕೂತಿತು. ಮುತ್ಯಾ ಬೈಯಲಿಲ್ಲ. ಬೀಗರ ಮನೆಯಲ್ಲಿ ಮುರಿದದ್ದೂ ಇಂಥದೇ ತಾಳು, ಕಾರಣವೂ ಇಂಥದೇ ಕಲ್ಲು. ಅವರಿಗೂ ಯಾರಾದರೂ ಮೊದಲೇ, ಮುರಿದರೆ ಹೇಳು, ಬೈಯುವುದಿಲ್ಲ ಎಂದಿದ್ದರೆ ಮಣ್ಣು ಮೆತ್ತುವ ಹೊತ್ತು ಬರುತ್ತಿರಲಿಲ್ಲ. ಕಡ ಒಯ್ದವನು ಮುಚ್ಚಿಡುವುದು ಬಹಳ ಸಲ ನಾಚಿಕೆಗೆ, ಹೆದರಿಕೆಗೆ. ಆ ಹೆದರಿಕೆಯನ್ನು ಮೊದಲೇ ತೆಗೆದುಹಾಕುವ ಕೆಲಸ ಕೊಡುವವನದು.

ಮರಡಿಯ ಹೊಲಗಳು ಇನ್ನೂ ಎರಡು ಉಳಿದಿರುವಾಗ ಮತ್ತೆ ಮಳೆ ಹಿಡಿಯಿತು. ಗುಡ್ಡಕ್ಕೆ ಅದು ಅಮೃತ. ಬಿತ್ತಿದ ಸಾಲುಗಳು ನಾಲ್ಕೇ ದಿನಕ್ಕೆ ಹಸಿರಾದವು. ನಮ್ಮ ಎರೆ ಹೊಲಕ್ಕೆ ಅದೇ ಮಳೆ ಕೇಡಾಯಿತು. ಎರೆ ನೆಂದರೆ ಎತ್ತಿನ ಕಾಲು ಮೊಣಕಾಲ ತನಕ ಹೂಳುತ್ತದೆ, ಕೂರಿಗೆ ಒತ್ತಟ್ಟಿಗಿರಲಿ, ಮನುಷ್ಯ ಕಾಲಿಡಲಾರ. ಆರುವುದರೊಳಗೆ ಮತ್ತೊಂದು ಮಳೆ, ಆಮೇಲೆ ಇನ್ನೊಂದು. ಉದ್ದು, ಹೆಸರಿನ ಹೊತ್ತು ದಾಟಿಹೋಯಿತು. ಊರಿಗೆಲ್ಲ ಕೂರಿಗೆ ಕೊಟ್ಟ ಮನೆಯ ಹೊಲ ಮುಂಗಾರಿನಲ್ಲಿ ಬೀಳು ಬಿತ್ತು.

ಅದರ ಬೆಲೆಯನ್ನು ನಾವು ತೆತ್ತಿದ್ದೇವೆ, ಅದನ್ನು ಮುಚ್ಚಿಟ್ಟು ಕಥೆ ಹೇಳಿದರೆ ಸುಳ್ಳಾಗುತ್ತದೆ. ಉದ್ದು ಮಾರಿದ ದುಡ್ಡಿನಲ್ಲಿ ಸೋದರತ್ತೆಯ ಮದುವೆ ಆಗಬೇಕಿತ್ತು. ಅದು ಒಂದು ವರ್ಷ ಮುಂದೆ ಹೋಯಿತು. ಒತ್ತೆಯಿಟ್ಟ ಡಾಬು ಬಿಡಿಸಲಾಗಲಿಲ್ಲ. ಮುತ್ಯಾ ಹಲವು ದಿನ ಆಯಿಯ ಜೊತೆ ಮಾತು ಬಿಟ್ಟ. ಸಣ್ಣ ಮುತ್ಯಾ ಮಾತು ಬಿಡಲಿಲ್ಲ, ದಿನಾ ಅದನ್ನೇ ಎತ್ತಿ ಆಡಿದ. ಆಯಿ ಎದುರುತ್ತರ ಕೊಡದೆ ಮನೆಗೆಲಸ ಮಾಡಿಕೊಂಡಿದ್ದಳು.

ಎರೆ ಹೊಲಕ್ಕೆ ಒಂದು ಗುಣವಿದೆ. ಮುಂಗಾರಿನಲ್ಲಿ ಬೀಳು ಬಿಟ್ಟು, ಕಳೆ ಏಳದಂತೆ ಕುಂಟೆ ಹೊಡೆಯುತ್ತ ಬಂದರೆ ಮಳೆನೀರೆಲ್ಲ ಒಡಲಲ್ಲಿ ಇಟ್ಟುಕೊಂಡು ಹಿಂಗಾರಿಗೆ ಕೊಡುತ್ತದೆ. ಕುಂಟೆ ಹೊಡೆಯಲು ಓಣಿಯವರು ಆಳಾಗಿ ಬಂದರು, ಕೇರಿಯವರೂ ಬಂದರು. ಹಸ್ತೆ ಮಳೆಗೆ ಬಿಳಿಜೋಳ ಬಿತ್ತಬೇಕು, ಅಂಚಿಗೆ ಕುಸುಬಿ ಹಾಕಬೇಕು ಎಂದಾಗ ಮನೆಯಲ್ಲಿ ಬೀಜ ಇರಲಿಲ್ಲ. ಗುಡ್ಡದ ಹೊಲದವಳು ಕೂಲಿಗೆ ಬಂದ ಕಾಳಿನಲ್ಲಿ ಆರಿಸಿಟ್ಟ ಕುಸುಬಿಯನ್ನೂ ಅಗಸೆಯನ್ನೂ ಉಡಿಯಲ್ಲಿ ಕಟ್ಟಿಕೊಂಡು ನಮ್ಮ ಹಿತ್ತಲ ಬಾಗಿಲಿಗೆ ಬಂದಳು. ಬಿಳಿಜೋಳದ ಬೀಜವನ್ನು ಓಣಿಯ ಮೂರು ಮನೆಗಳು ಕೂಡಿಸಿ ಕೊಟ್ಟವು. ಆ ಹಿಂಗಾರು ನಮ್ಮನ್ನು ಕಾಪಾಡಿತು. ಉದ್ದಿನ ದುಡ್ಡು ಅದರಿಂದ ಬರಲಿಲ್ಲ, ಆದರೆ ಮೈಲೋ ರೊಟ್ಟಿ ತಿನ್ನುವ ಕಾಲ ಮುಗಿಯಿತು.

ಮುಂದಿನ ವರ್ಷ ರೋಹಿಣಿಯಲ್ಲೇ ಜನ ಮತ್ತೆ ಗುಡಿಯ ಮುಂದೆ ಸೇರಿದರು. ಮುತ್ಯಾ ಈ ಸಲ ಒಲ್ಲೆ ಎನ್ನುತ್ತಾನೆಂದೇ ಎಲ್ಲರ ಎಣಿಕೆ. ಅವನು ಆಯಿಯ ಕರಾರು ಒಂದನ್ನೂ ತೆಗೆಯಲಿಲ್ಲ, ತನ್ನದೊಂದನ್ನು ಕೂಡಿಸಿದ. "ಕೂರಿಗಿ ಊರಾಗ ಇದ್ದಾಗ ನನ್ನ ಹೊಲದ ಹದ ತಪ್ಪಿದ್ರ, ಬಿತ್ತಿಸ್ಕೊಂಡೋರೆಲ್ಲ ರಾಶಿ ಆದ್ಮ್ಯಾಲ ನನ್ನ ಮನಿಗಿ ಸೇರು ಸೇರು ಕಾಳು ತಂದು ಹಾಕ್ಬೇಕು. ಹದ ತಪ್ಪಲಿಲ್ಲಾ, ಒಂದ್ ಕಾಳೂ ಬ್ಯಾಡ." ಜನ ಒಪ್ಪಿದರು. ಆಯಿ ಆ ದಿನ ಮುತ್ಯಾನಿಗೆ ಹೋಳಿಗೆ ಮಾಡಿ ಹಾಕಿದಳು. ಹೊಸ ಕೂರಿಗೆಗಳು ಊರಿಗೆ ಬರುವ ತನಕ ಆ ಕಟ್ಟಳೆ ನಡೆಯಿತು.

ಹಾಗಾದರೆ ಕೇಳಿದ್ದನ್ನೆಲ್ಲ ಕೊಟ್ಟುಬಿಡಬೇಕೇ ಎಂದು ನೀವು ಕೇಳಬಹುದು. ಅದಕ್ಕೆ ತಾಂಡೂರಿನ ಮಾತು ಹೇಳಬೇಕು. ನನ್ನ ಸೋದರಮಾವ ಅಲ್ಲಿ ಕಲ್ಲಿನ ಕಣಿಯಲ್ಲಿ ಕೆಲಸಕ್ಕಿದ್ದ. ಜಹೀರಾಬಾದಿನಲ್ಲಿ ರೈಲು ಹತ್ತಿ ವಿಕಾರಾಬಾದಿನಲ್ಲಿ ಇಳಿದು, ವಾಡಿ ಕಡೆಯ ಗಾಡಿ ಹಿಡಿದು ಹೋಗುತ್ತಿದ್ದೆವು. ತಾಂಡೂರಿನ ನೆಲದಡಿ ಸುಣ್ಣಕಲ್ಲು ಪದರು ಪದರಾಗಿ ಮಲಗಿದೆ. ಉಳಿಯಿಂದ ಗೆರೆ ಹಾಕಿ, ಹಾರೆ ತೂರಿಸಿ ಮೀಟಿದರೆ ಫರಸಿ ಹಾಳೆಯಾಗಿ ಏಳುತ್ತದೆ. ನಮ್ಮ ಕಡೆಯ ಎಷ್ಟೋ ಮನೆಗಳ ನೆಲ, ಹೊಸ್ತಿಲು ಆ ಕಲ್ಲಿನವೇ.

ಮಾವ ತನ್ನ ಉಳಿಯನ್ನು ಒಡಹುಟ್ಟಿದವನಿಗೂ ಕೊಡುತ್ತಿರಲಿಲ್ಲ. ಉಳಿಯ ಬಾಯಿಯನ್ನು ಕುಲುಮೆಯಲ್ಲಿ ಕಾಯಿಸಿ, ಬಡಿದು, ನೀರಿಗೆ ಅದ್ದಿ ಹದ ಕೊಡಬೇಕು. ಹದ ಹೆಚ್ಚಾದರೆ ಬಾಯಿ ಚಕ್ಕೆ ಏಳುತ್ತದೆ, ಕಡಿಮೆಯಾದರೆ ಮಡಚುತ್ತದೆ. ಅವನವನ ಕೈಯ ಪೆಟ್ಟಿಗೆ ತಕ್ಕಂತೆ ಅವನವನ ಉಳಿ. ಬೇರೆಯವನ ಪೆಟ್ಟು ಬಿದ್ದ ಉಳಿ ಮರುದಿನ ಮಾವನ ಕೂಲಿಯನ್ನೇ ಕೆಡಿಸುತ್ತಿತ್ತು. ಒಮ್ಮೆ ನೆರೆಮನೆಯವನು ಹೊಸ್ತಿಲು ಕಲ್ಲು ಸರಿಮಾಡಲು ಉಳಿ ಕೇಳಿದ. "ಉಳಿ ಕೇಳಬ್ಯಾಡ, ಕೆಲಸ ಹೇಳು," ಎಂದ ಮಾವ. ಕಣಿಯಿಂದ ದಣಿದು ಬಂದವನು ಸಂಜೆ ಹೋಗಿ ತಾನೇ ಹೊಸ್ತಿಲು ಕೆತ್ತಿಕೊಟ್ಟು ಬಂದ. ಹತ್ಯಾರ ಇಲ್ಲ ಎನ್ನುವುದಕ್ಕೂ ನೆರವು ಇಲ್ಲ ಎನ್ನುವುದಕ್ಕೂ ಎಷ್ಟು ದೂರವಿದೆಯೆಂದು ನಾನು ಆ ಸಂಜೆ ಕಂಡೆ. ಆಯಿ ಕೂರಿಗೆಯ ಜೊತೆ ತನ್ನ ಕೈ ಕೊಟ್ಟಳು. ಮಾವ ಉಳಿ ಉಳಿಸಿಕೊಂಡು ಕೈ ಕೊಟ್ಟ. ಇಬ್ಬರೂ ಹತ್ಯಾರವನ್ನು ಒಂಟಿಯಾಗಿ ಹೊರಗೆ ಕಳಿಸಲಿಲ್ಲ.

ಇವೆಲ್ಲ ಒಂದು ಓಣಿಯ, ಒಂದು ಮನೆಯ ಮಾತು. ಇದನ್ನೇ ಹತ್ತಾರು ಹಳ್ಳಿಗಳ ಹೆಂಗಸರು ಕೂಡಿ ಕಟ್ಟಿದ್ದನ್ನು ಮುಂದೆ ಜಹೀರಾಬಾದಿನ ಪಕ್ಕದ ಪಸ್ತಾಪುರದಲ್ಲಿ ನೋಡಿದೆ. ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿ ಎಂಬ ಸಂಸ್ಥೆ ಅಲ್ಲಿ 1983ರಲ್ಲಿ ಹುಟ್ಟಿತು. ಅದನ್ನು ಕಟ್ಟಿದವರಲ್ಲಿ ಮುಖ್ಯರಾದ ಪಿ.ವಿ. ಸತೀಶ್ ಮೈಸೂರಿನವರು, ದೂರದರ್ಶನದಲ್ಲಿ ಕೆಲಸ ಮಾಡಿ ಬಂದವರು. 2023ರ ಮಾರ್ಚ್‌ನಲ್ಲಿ ತೀರಿಕೊಂಡರು. ಸಂಘಗಳ ಹೆಂಗಸರಲ್ಲಿ ಹೆಚ್ಚಿನವರು ದಲಿತರು. ಅವರ ಪಾಲಿಗಿದ್ದದ್ದು ನಮ್ಮ ಗುಡ್ಡದ ಮೇಲಿನಂಥದೇ ಹರಳು ನೆಲ. ಬಿತ್ತಿಗೆಗೆ ಬೇಕಾದದ್ದರಲ್ಲಿ ಅವರ ಕೈಯಲ್ಲಿ ಉಳಿದಿದ್ದದ್ದು ಬೀಜ, ಬೀಜದ ಅರಿವು. ಅದನ್ನೇ ಅವರು ಒಬ್ಬರಿಗೊಬ್ಬರು ಎರವಲು ಕೊಡತೊಡಗಿದರು.

ಊರೂರಿಗೆ ಬೀಜದ ಭಂಡಾರ ಮಾಡಿದರು. ಬಿದಿರು ಬುಟ್ಟಿಗೆ ಮಣ್ಣು ಸಗಣಿ ಸಾರಿಸಿ, ಕಾಳಿಗೆ ಬೂದಿ ಬೇವು ಬೆರೆಸಿ ತುಂಬಿಟ್ಟರು. ಬಿತ್ತುವಾಗ ಒಯ್ದವರು ರಾಶಿಯಾದ ಮೇಲೆ ಒಯ್ದುದಕ್ಕಿಂತ ಹೆಚ್ಚು ತಂದು ತುಂಬಬೇಕು, ಆರಿಸಿದ ಒಳ್ಳೆಯ ಬೀಜವನ್ನೇ ತುಂಬಬೇಕು. ದುಡ್ಡಿನ ಮಾತಿಲ್ಲ. ಬೀಳು ಬಿದ್ದ ಹೊಲಗಳನ್ನು ಮತ್ತೆ ಉತ್ತು ಬಿತ್ತಲು ನೆರವು ಪಡೆದವರು ಆ ಸಾಲವನ್ನು ಜೋಳದಲ್ಲೇ ತೀರಿಸುವಂತೆ ಮಾಡಿದರು. ಆ ಜೋಳವನ್ನು ಊರಲ್ಲೇ ಕೂಡಿಟ್ಟು ಕಷ್ಟದ ತಿಂಗಳಲ್ಲಿ ಬಡವರಿಗೆ ಕಡಿಮೆ ಬೆಲೆಗೆ ಕೊಟ್ಟರು. ಯಾರಿಗೆ ಎಷ್ಟು ಎಂಬುದನ್ನು ದಫ್ತರದಲ್ಲಿ ಕೂತು ಬರೆಯಲಿಲ್ಲ. ನೆಲದ ಮೇಲೆ ಬಣ್ಣದ ಪುಡಿಯಲ್ಲಿ ಊರ ನಕ್ಷೆ ಬಿಡಿಸಿ, ಯಾವ ಮನೆಗೆ ಎಷ್ಟು ಬಡತನವೆಂದು ಊರವರೇ ಎಲ್ಲರೆದುರು ಗುರುತು ಹಾಕಿದರು. ಹೆಚ್ಚು ಬಡವರಿಗೆ ಹೆಚ್ಚು ಪಾಲು. 2019ರಲ್ಲಿ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮ ಇವರಿಗೆ ಈಕ್ವೇಟರ್ ಪ್ರಶಸ್ತಿ ಕೊಟ್ಟಿತು. ಸಂಕ್ರಾಂತಿಗೆ ಹೊರಡುವ ಇವರ ಪಾತ ಪಂಟಲ, ಎಂದರೆ ಹಳೆಯ ಬೆಳೆಗಳ, ಜಾತ್ರೆಯಲ್ಲಿ ಬೀಜ ತುಂಬಿದ ಸಿಂಗಾರದ ಬಂಡಿಗಳು ಹಳ್ಳಿಯಿಂದ ಹಳ್ಳಿಗೆ ಸಾಗುತ್ತವೆ. ಆ ಬಂಡಿಗಳ ಹಿಂದೆ ನಡೆಯುತ್ತಿದ್ದ ಹೆಂಗಸರಲ್ಲಿ ನನಗೆ ಗುಡ್ಡದ ಹೊಲದವಳು ಕಂಡಳು. ಅವಳ ಗಡಿಗೆಯ ಬೆಲೆ ನಮ್ಮ ಕೂರಿಗೆಗಿಂತ ಕಡಿಮೆಯೇನಲ್ಲ ಎಂಬುದನ್ನು ಊರು ಒಪ್ಪಿಕೊಳ್ಳಲು ಅಷ್ಟು ವರ್ಷ ಬೇಕಾಯಿತು.

ಈಗಿನ ಮಾತಿಗೆ ಬರೋಣ. ಎತ್ತು ಕಡಿಮೆಯಾದವು, ಬಿತ್ತಿಗೆ ಟ್ರ್ಯಾಕ್ಟರಿಗೆ ಬಂತು. ಜಹೀರಾಬಾದಿನಲ್ಲೇ ಮಹೀಂದ್ರಾ ಟ್ರ್ಯಾಕ್ಟರ್ ಕಾರ್ಖಾನೆ ಇದೆ. ಗಡಿಯಾಚೆ ಬೀದರ್, ಕಲಬುರಗಿಯಲ್ಲಿ ಕರ್ನಾಟಕ ಸರಕಾರ 2014-15ರಿಂದ ಕೃಷಿ ಯಂತ್ರಧಾರೆ ಕೇಂದ್ರಗಳ ಮೂಲಕ ಯಂತ್ರಗಳನ್ನು ಬಾಡಿಗೆಗೆ ಕೊಡಿಸುತ್ತಿದೆ. ಬಾಡಿಗೆ ಕೊಟ್ಟರೆ ಯಾರ ಹಂಗೂ ಇಲ್ಲ ಎಂದು ನೀವು ಹೇಳುತ್ತೀರಿ. ಅದು ನಿಜ, ನಾನೂ ಬಾಡಿಗೆಗೆ ತರುತ್ತೇನೆ. ಆದರೆ ಯಂತ್ರ ಮೊದಲು ಯಾರ ಹೊಲಕ್ಕೆ ಹೋಗುತ್ತದೆ ನೋಡಿದ್ದೀರಾ? ರಸ್ತೆ ಬದಿಯ ದೊಡ್ಡ ಹೊಲಕ್ಕೆ. ಅಲ್ಲಿ ಡೀಸೆಲ್ ಉಳಿಯುತ್ತದೆ, ತಿರುವು ಕಡಿಮೆ. ಗುಡ್ಡದ ಒಂದೂವರೆ ಎಕರೆಗೆ ಅದು ಹತ್ತುವುದು ಎಲ್ಲ ಮುಗಿದ ಮೇಲೆ, ಹಸಿ ಆರಿದ ಮೇಲೆ. ಆಯಿ ಕಟ್ಟಿದ ಪಾಳಿ ಪೂರ್ತಿ ತಲೆಕೆಳಗಾಗಿದೆ. ಮೊದಲು ಆರುವ ಹೊಲ ಈಗ ಕೊನೆಗೆ ನಿಂತಿದೆ. ಅದಕ್ಕೇ ಈ ಕಥೆಯನ್ನು ಇಷ್ಟು ಉದ್ದ ಹೇಳಿದೆ.

ಕಡ ಕೊಡುವುದು ಹಳ್ಳಿಯ ಹಳೆಯ ಮಾತೆಂದೂ ತಿಳಿಯಬೇಡಿ. ಅಮೆರಿಕದ ಬರ್ಕ್ಲಿ ಪಟ್ಟಣದ ಸಾರ್ವಜನಿಕ ಗ್ರಂಥಾಲಯ 1979ರಿಂದ ಪುಸ್ತಕದಂತೆ ಹತ್ಯಾರಗಳನ್ನೂ ಎರವಲು ಕೊಡುತ್ತಿದೆ. ಒಯ್ಯುವ ದಿನ, ತರುವ ದಿನ ಅಲ್ಲಿ ಮೊದಲೇ ಗೊತ್ತು. ಅಣ್ಣ ತಮ್ಮಂದಿರ ನಡುವೆ ಕರಾರು ಯಾಕೆ ಎಂದು ನಾವು ಸಂಕೋಚಪಟ್ಟುಕೊಳ್ಳುತ್ತೇವೆ. ಅಣ್ಣ ತಮ್ಮಂದಿರು ದೂರವಾದದ್ದು ಕರಾರು ಆಡದೆ ಕೊಟ್ಟ ಸಲಿಕೆಗೆ, ಬಾರದ ಹಾರೆಗೆ.

ನಿಮಗೆ ನಾನು ಹೇಳುವುದು ಇಷ್ಟು. ಸಲಿಕೆ, ಗುದ್ದಲಿ, ಹಾರೆ, ಏಣಿ ಕೊಡಿ. ಯಾವಾಗ ಮರಳಿ ಬೇಕೆಂದು ಹೇಳಿ ಕೊಡಿ. ಕೈಗೆ ಪಳಗಿದ ಹತ್ಯಾರವಾದರೆ, ಬಾಚಿ, ಉಳಿ, ಕುಡುಗೋಲು, ಅದನ್ನಿಟ್ಟುಕೊಂಡು ನೀವೇ ಹೋಗಿ ಕೆಲಸ ಮಾಡಿಕೊಡಿ. ಔಷಧ ಹೊಡೆಯುವ ಪಂಪು ಕೊಡುವಾಗ ಹಿಂದೆ ಅದರಲ್ಲಿ ಏನು ತುಂಬಿತ್ತೆಂದು ಬಾಯಿಬಿಟ್ಟು ಹೇಳಿ. 2,4-ಡಿ ಕಳೆನಾಶಕ ಹೊಡೆದ ಪಂಪನ್ನು ಚೆನ್ನಾಗಿ ತೊಳೆಯದೆ ಹತ್ತಿಗೋ ತೊಗರಿಗೋ ಹೊಡೆದರೆ ಎಲೆ ಮುರುಟಿ ಬೆಳೆ ಹೋಗುತ್ತದೆ. ಅದು ಒಯ್ದವನ ತಪ್ಪಾಗುವ ಮೊದಲು ಹೇಳದೆ ಕೊಟ್ಟವನ ತಪ್ಪು. ಹದದ ಹತ್ಯಾರ, ಎಂದರೆ ಬಿತ್ತುವ, ಎಡೆ ಹೊಡೆಯುವ, ರಾಶಿ ಮಾಡುವ ಯಂತ್ರ, ಸ್ವಂತದ್ದಿರಲಿ ಬಾಡಿಗೆಯದ್ದಿರಲಿ, ಓಣಿಯವರೆಲ್ಲ ಕೂಡಿಯೇ ತರಿಸಿ. ನಡೆಸಲು ಬಲ್ಲವನು ಅದರ ಜೊತೆಗೇ ಇರಲಿ.

ಈ ಬೇಸಿಗೆ ರೋಹಿಣಿ ಮುಗಿಯುವುದರೊಳಗೆ ಕೂತು ಪಾಳಿ ಬರೆಯಿರಿ. ಯಾರ ಮಣ್ಣು ಮೊದಲು ಆರುತ್ತದೋ ಅವರ ಹೆಸರು ಮೊದಲು ಬರಲಿ. ಕೇರಿಯವರನ್ನೂ ಕರೆದು ಕೂರಿಸಿಕೊಂಡೇ ಬರೆಯಿರಿ. ಕೊನೆಗೆ ಉಳಿದವನ ಹದ ತಪ್ಪಿದರೆ ಅವನ ನಷ್ಟವನ್ನು ಯಾರ‍್ಯಾರು ಎಷ್ಟೆಷ್ಟು ತುಂಬಬೇಕೆಂಬುದನ್ನೂ ಅದೇ ಕಾಗದದಲ್ಲಿ ಬರೆಯಿರಿ. 1973ರಲ್ಲಿ ಆ ನಷ್ಟವನ್ನು ನಮ್ಮ ಮನೆ ಒಂದೇ ಹೊತ್ತಿತು. ನಿಮ್ಮಲ್ಲಿ ಯಾರೊಬ್ಬರ ಮನೆಯೂ ಹಾಗೆ ಒಂಟಿಯಾಗಿ ಹೊರಬಾರದು.